ವಿರುಪಣ್ಣನ ಮನೆಯ ವೈಫೈ

ಅಳವಂಡಿಯ ಕೆಳಗಿನ ಓಣಿಯಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು. ಮನೆಯೊಳಗೆ ಕುಳಿತರೆ ಮಾತೇ ತುಂಡು ತುಂಡಾಗಿ ಕೇಳುತ್ತದೆ, ಇನ್ನು ವಿಡಿಯೋ ಎಲ್ಲಿಂದ ಬರಬೇಕು? ವಿರುಪಣ್ಣನ ಮಗಳು ಅನುಷಾ ಶಿಕ್ಷಕರ ಪರೀಕ್ಷೆಗೆ ಓದುತ್ತಿದ್ದಳು. ಪಾಠವೆಲ್ಲ ಫೋನಿನಲ್ಲಿಯೇ. ತಲೆಯ ಮೇಲೆ ವೇಲು ಹೊದ್ದುಕೊಂಡು ಬಿಸಿಲಲ್ಲಿ ಮಾಳಿಗೆಯ ಮೇಲೆ ಕೂರುತ್ತಿದ್ದಳು. ಫೋನು ಕಾದು ಕೈ ಸುಡುತ್ತಿತ್ತು. ಒಂದು ದಿನ ಅವಳು ತಲೆ ತಿರುಗಿ, ಗೋಡೆ ಹಿಡಿದುಕೊಂಡು ಕೆಳಗಿಳಿದು ಬಂದದ್ದನ್ನು ಕಂಡ ವಿರುಪಣ್ಣ ಅದೇ ವಾರ ಮನೆಗೆ ವೈಫೈ ಹಾಕಿಸಿದ.

ವಿರುಪಣ್ಣ ಪಂಚಾಯಿತಿಯ ವಾಟರ್‌ಮನ್. ಓಣಿ ಓಣಿಗೆ ನೀರು ಬಿಡುವುದು ಅವನ ಕೆಲಸ. ಯಾರ ಮನೆಯಲ್ಲಿ ಕಾರ್ಯವಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ತಿಳಿದುಕೊಂಡು ಅರ್ಧ ತಾಸು ಹೆಚ್ಚಿಗೆ ನೀರು ಬಿಡುವ ಮನುಷ್ಯ. ಊರಿನಲ್ಲಿ ಅವನಿಗೆ ಶತ್ರು ಎಂಬುವರು ಇರಲಿಲ್ಲ.

ವೈಫೈ ಡಬ್ಬಿಯನ್ನು ಗೋಡೆಗೆ ಕೂರಿಸಲು ಬಂದವನು ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದ. ನೆನಪಿನಲ್ಲಿ ಉಳಿಯುವಂಥದ್ದು ಇರಲಿ ಎಂದು ವಿರುಪಣ್ಣ ಊರಿನ ಹೆಸರು ಹೇಳಿ, ಅದರ ಮುಂದೆ ಒಂದು ಎರಡು ಮೂರು ಸೇರಿಸಿದ. ಬಂದವನು ಅದನ್ನೇ ಇಟ್ಟು ಹೋದ. ವಾರ ಕಳೆಯುವುದರೊಳಗೆ ಓಣಿಯ ಅರ್ಧ ಜನಕ್ಕೆ ಆ ಪಾಸ್‌ವರ್ಡ್ ಗೊತ್ತಾಗಿತ್ತು. ಕೇಳಿದವರಿಗೆಲ್ಲ ವಿರುಪಣ್ಣನೇ ಹೇಳುತ್ತಿದ್ದ. ಹೇಳುವುದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು.

ಊರಿನ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವ ನೂರಜಾನಬಿಗೆ ಈ ಸಂಗತಿ ತಿಳಿಯಿತು. ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು ಅವಳೇ. ಒಂದು ದಿನ ಗ್ರಂಥಾಲಯದ ನಳ ಸರಿಮಾಡಲು ಬಂದ ವಿರುಪಣ್ಣನಿಗೆ ಅವಳು ಪಾಸ್‌ವರ್ಡ್ ಬದಲಿಸಲು ಹೇಳಿದಳು. ವಿರುಪಣ್ಣ ನಕ್ಕ.

"ನಮ್ಮ ಮನ್ಯಾಗ ಕದಿಯಾಕ ಏನೈತಿ ತಂಗಿ? ಯಾರರ ಬಳಸಿದ್ರ ಬಳಸ್ಲಿ. ನಂದೇನ್ ಸವಿತೈತಿ?"

"ನಿಮ್ಮ ಮನಿಯಿಂದ ಏನ್ ಒಯ್ತಾರ ಅನ್ನೂದಲ್ಲಣ್ಣಾ," ಎಂದಳು ನೂರಜಾನಬಿ. "ನಿಮ್ಮ ಹೆಸರಿನ ಮ್ಯಾಲ ಏನ್ ಮಾಡ್ತಾರ ಅನ್ನೂದು ನೋಡ್ರಿ."

ಓದಿದವರಿಗೆ ಎಲ್ಲದರಲ್ಲಿಯೂ ಅನುಮಾನ ಎಂದುಕೊಂಡು ವಿರುಪಣ್ಣ ನಳ ಬಿಗಿಯುವ ಪಾನಾ ಕೈಗೆತ್ತಿಕೊಂಡು ಹೊರಟ.

ಎದುರು ಮನೆ ಕೊಟ್ರಪ್ಪನದು. ಕುರಿ ಕಟ್ಟಿಕೊಂಡು, ಎರಡೆಕರೆ ಹೊಲ ಮಾಡಿಕೊಂಡಿದ್ದವನು. ಅವನೂ ವಿರುಪಣ್ಣನೂ ಒಂದೇ ವರ್ಷ ಸಾಲಿಗೆ ಸೇರಿ, ಒಂದೇ ವರ್ಷ ಸಾಲಿ ಬಿಟ್ಟವರು. ಕೊಟ್ರಪ್ಪನ ಮಗಳು ಸುನಿತಾ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದಳು. ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವಳು. ಆ ಓಣಿಯಿಂದ ಆಸ್ಪತ್ರೆಯ ಕೆಲಸ ಕಲಿಯಲು ಹೋದ ಮೊದಲ ಹುಡುಗಿ ಅವಳು. ಬಿಳಿ ಕೋಟು ತೊಟ್ಟು ಬಸ್ಸಿಳಿದು ಬರುವಾಗ ಮುದುಕಿಯರು ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಕೈ ಚಾಚಿ ನಾಡಿ ನೋಡು ಎನ್ನುತ್ತಿದ್ದರು. ಅವಳು ನಿಂತು ನೋಡಿಯೇ ಮುಂದೆ ಹೋಗುತ್ತಿದ್ದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ವಿರುಪಣ್ಣ ಗಂಗಾವತಿಗೆ ಅಕ್ಕನ ಮನೆಗೆ ಹೋದ. ಬರುವಾಗ ಬಸ್ ನಿಲ್ದಾಣದಲ್ಲಿ ಎರಡು ತಾಸು ಬಸ್ಸಿಲ್ಲ, ಫೋನಿನಲ್ಲಿ ಡೇಟಾ ಮುಗಿಯುತ್ತ ಬಂದಿದೆ. ಆಗಲೇ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಕಂಡಿತು. ಈ ಆ್ಯಪ್ ಹಾಕಿಕೊಂಡರೆ ಎಲ್ಲಿ ಹೋದರೂ ವೈಫೈ ಫ್ರೀ, ಹತ್ತು ಜನಕ್ಕೆ ಕಳಿಸಿ ಎಂದಿತ್ತು. ವಿರುಪಣ್ಣ ಕೆಳಗಿನ ಲಿಂಕನ್ನು ಒತ್ತಿದ. ಇದು ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್, ಹಾನಿ ಆಗಬಹುದು ಎಂದು ಫೋನೇ ಎಚ್ಚರಿಕೆ ಕೊಟ್ಟಿತು. ಅದನ್ನು ಓದುವ ವ್ಯವಧಾನ ಅವನಿಗಿರಲಿಲ್ಲ. ನೀನು ಎಲ್ಲಿದ್ದೀಯ ನೋಡಲೇ, ನಿನ್ನ ಫೋಟೋ ನೋಡಲೇ, ನಿನ್ನ ಫೋನಿನಲ್ಲಿರುವ ನಂಬರುಗಳನ್ನು ನೋಡಲೇ ಎಂದು ಆ್ಯಪ್ ಒಂದಾದ ಮೇಲೊಂದು ಕೇಳಿತು. ಅವನು ಎಲ್ಲದಕ್ಕೂ ಹೂಂ ಎಂದು ಒತ್ತಿದ. ಕೊನೆಗೆ, ಬೇರೆಯವರ ವೈಫೈ ನಿನಗೆ ಸಿಗಬೇಕಾದರೆ ನಿನ್ನ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಹಾಕು ಎಂದಿತು. ಅದನ್ನೂ ಹಾಕಿದ.

ಗಂಗಾವತಿಯ ನಿಲ್ದಾಣದಲ್ಲಿ ಅವನಿಗೆ ಫ್ರೀ ವೈಫೈ ಸಿಗಲಿಲ್ಲ. ಆ ಆ್ಯಪ್‌ನಲ್ಲಿ ಬರೀ ಜಾಹೀರಾತು ಬಂದವು. ಬಸ್ ಬಂದ ಮೇಲೆ ಅವನು ಅದನ್ನು ಮರೆತೂ ಬಿಟ್ಟ. ಆದರೆ ಅಂದಿನಿಂದ ಆ ಆ್ಯಪ್ ಇಟ್ಟುಕೊಂಡ ಯಾರೇ ಆಗಲಿ, ಅಳವಂಡಿಗೆ ಬಂದು ಫೋನು ತೆರೆದರೆ ವಿರುಪಣ್ಣನ ಮನೆಯ ಗುರುತು, ಅದರ ಪಾಸ್‌ವರ್ಡ್ ಅವರ ಕಣ್ಣಮುಂದೆ ಬರುತ್ತಿತ್ತು.

ಸಂಕ್ರಾಂತಿಗೆ ಮೊದಲು ಮದುವೆಯಾಗಿ ಗಂಡನ ಮನೆಯಲ್ಲಿದ್ದ ವಿರುಪಣ್ಣನ ಹಿರಿಮಗಳಿಗೆ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟುಕೊಂಡಿದ್ದರು. ಸುನಿತಾ ಹಸಿರು ಸೀರೆ ಉಟ್ಟು ಬಸುರಿಯ ಪಕ್ಕದಲ್ಲಿ ನಿಂತಿದ್ದಳು. ವಿರುಪಣ್ಣನೇ ಫೋಟೋ ತೆಗೆದು ಓಣಿಯವರ ಗುಂಪಿಗೆ ಹಾಕಿದ. ಎಲ್ಲರೂ ಛಲೋ ಬಂದಿದೆ ಎಂದರು.

ಒಂದು ತಿಂಗಳ ನಂತರ ಸೋಷಿಯಲ್ ಮೀಡಿಯಾದಲ್ಲಿ ಸುನಿತಾಳ ಹೆಸರಿನಲ್ಲಿ ಅವಳದಲ್ಲದ ಒಂದು ಖಾತೆ ಹುಟ್ಟಿಕೊಂಡಿತು. ಅದರಲ್ಲಿ ಕುಬಸದ ಫೋಟೋದಿಂದ ತೆಗೆದ ಅವಳ ಮುಖ ಇತ್ತು. ಮೈ ಬೇರೆ ಯಾರದೋ. ನೋಡಬಾರದ ಚಿತ್ರಗಳು, ಅವುಗಳ ಕೆಳಗೆ ಬರೆಯಬಾರದ ಮಾತುಗಳು. ಕಾಲೇಜಿನ ಹೆಸರು, ಅವಳು ಹತ್ತುವ ಬಸ್ಸಿನ ಹೊತ್ತು ಎಲ್ಲವನ್ನೂ ಬರೆದಿದ್ದರು. ಎರಡು ದಿನದೊಳಗೆ ಅದು ಊರಿಂದ ಊರಿಗೆ ಹೋಯಿತು. ಸುನಿತಾಳಿಗೆ ವಿಷಯ ತಿಳಿದದ್ದು ಬಸ್ಸಿನಲ್ಲಿ. ಹಿಂದಿನ ಸೀಟಿನವರು ಫೋನು ನೋಡುವುದು, ಅವಳನ್ನು ನೋಡುವುದು ಮಾಡುತ್ತಿದ್ದರಂತೆ. ಅಂದು ಅವಳು ಕಾಲೇಜಿನವರೆಗೂ ಹೋಗಲಿಲ್ಲ. ನಡುವಿನ ಹಳ್ಳಿಯಲ್ಲಿಳಿದು ತಿರುಗಿ ನಡೆದುಕೊಂಡೇ ಮನೆಗೆ ಬಂದಳು.

ಕೊಟ್ರಪ್ಪ ಪೊಲೀಸರಿಗೆ ದೂರು ಕೊಟ್ಟ. ಠಾಣೆಗೆ ಅವನ ಜೊತೆ ಹೋದವನು ವಿರುಪಣ್ಣನೇ. ಇಂಥ ಕೆಲಸ ಮಾಡಿದವನ ಕೈ ಮುರಿಯಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದ.

ಮೂರು ವಾರದ ಮೇಲೆ ಸೈಬರ್ ಠಾಣೆಯ ಜೀಪು ಓಣಿಗೆ ಬಂತು. ಅದು ನಿಂತದ್ದು ವಿರುಪಣ್ಣನ ಮನೆಯ ಮುಂದೆ. ನೀರು ಬಿಡಲು ಹೋಗಿದ್ದ ಅವನನ್ನು ಹೆಂಡತಿ ಮಾರೆಮ್ಮ ಕರೆಸಿಕೊಂಡಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಸಬ್ ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ.

"ಆ ಖಾತೆ ತೆಗೆದದ್ದು, ಫೋಟೋ ಹಾಕಿದ್ದು ನಿಮ್ಮ ಮನಿ ಇಂಟರ್‌ನೆಟ್ಟಿನಿಂದ. ಕನೆಕ್ಷನ್ ನಿಮ್ಮ ಹೆಸರಿನ್ಯಾಗ ಐತಿ. ನೀವಲ್ಲ ಅಂದ್ರ ಯಾರು ಅನ್ನೂದನ್ನ ನೀವಾ ಹೇಳ್ರಿ."

ಯಾರೆಂದು ಹೇಳಬೇಕು? ತನ್ನ ವೈಫೈ ಯಾರು ಯಾರು ಬಳಸುತ್ತಾರೆ ಎಂಬುದು ವಿರುಪಣ್ಣನಿಗೆ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟೆ ಎಂದ. ಹಾಗಾದರೆ ಅಷ್ಟೂ ಜನರ ಹೆಸರು ಬರೆಸಿ ಎಂದರು. ಅವನು ಹನ್ನೆರಡು ಹೆಸರು ಬರೆಸಿದ. ಪ್ರತಿ ಹೆಸರಿಗೂ ಬಾಗಿಲಲ್ಲಿ ನಿಂತ ಒಬ್ಬೊಬ್ಬರ ಮುಖ ಬಿಗಿಯುತ್ತ ಹೋಯಿತು. ಪೊಲೀಸರು ಅವನ ಫೋನನ್ನೂ ಅನುಷಾಳ ಫೋನನ್ನೂ ಪರೀಕ್ಷೆಗೆ ತೆಗೆದುಕೊಂಡರು. ಅನುಷಾಳ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಅವಳು ಬರೆದುಕೊಂಡ ಪಾಠವೆಲ್ಲ ಆ ಫೋನಿನಲ್ಲಿಯೇ ಇತ್ತು.

ಜೀಪು ಹೋದ ಮೇಲೆ ಕೊಟ್ರಪ್ಪ ರಸ್ತೆ ದಾಟಿ ಬಂದ. ಬಂದವನು ಮನೆಯೊಳಗೆ ಕಾಲಿಡಲಿಲ್ಲ.

"ನನ್ನ ಮಗಳನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಸಾಲಿಗೆ ಬಿಟ್ಟು ಬಂದಾವ ನೀನು," ಎಂದ. "ಫೋಟೋ ನೀ ತೆಗದಿದ್ದು. ಇಂಟರ್‌ನೆಟ್ ನಿಂದು. ಇನ್ನ ನಾ ಏನಂತ ತಿಳ್ಕೊಳ್ಳಲಿ, ವಿರುಪಣ್ಣ?"

ನಾನಲ್ಲ ಎಂದು ವಿರುಪಣ್ಣ ಹೇಳಬಹುದಿತ್ತು. ಮಾಡದ ತಪ್ಪಿಗೆ ಸಾಕ್ಷಿ ಎಲ್ಲಿಂದ ತರುವುದು? ಕೊಟ್ರಪ್ಪ ತಿರುಗಿ ರಸ್ತೆ ದಾಟಿ ಹೊರಟುಹೋದ. ಮರುದಿನ ಬೆಳಿಗ್ಗೆ ಸುನಿತಾಳನ್ನು ಹುಲಿಹೈದರದಲ್ಲಿದ್ದ ತನ್ನ ತಂಗಿಯ ಮನೆಗೆ ಕಳಿಸಿದ. ಅವಳು ಬ್ಯಾಗು ಹಿಡಿದು ಹೋಗುವುದನ್ನು ಅನುಷಾ ಕಿಟಕಿಯಿಂದ ನೋಡಿದಳು. ಹೊರಗೆ ಬರಲು ಅವಳಿಗೆ ಧೈರ್ಯವಾಗಲಿಲ್ಲ. ಸುನಿತಾ ತಲೆಯೆತ್ತಲಿಲ್ಲ.

ಆಮೇಲಿನ ದಿನಗಳ ಕಷ್ಟವನ್ನು ವಿರುಪಣ್ಣ ಆಗ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ನೀರು ಬಿಡಲು ಹೋದರೆ ಹೆಂಗಸರು ಕೊಡ ಹಾಗೇ ಬಿಟ್ಟು ಒಳಗೆ ಹೋಗುತ್ತಿದ್ದರು. ಮಾರೆಮ್ಮ ಸ್ವಸಹಾಯ ಸಂಘದ ಸಭೆಗೆ ಹೋಗುವುದನ್ನು ನಿಲ್ಲಿಸಿದಳು. ಒಂದು ದಿನ ಮೂವರೂ ಊಟಕ್ಕೆ ಕೂತಾಗ ಮಾರೆಮ್ಮ ಗಂಡನ ಮುಖ ನೋಡದೆ ಕೇಳಿದಳು: "ನಿಮಗ ಗೊತ್ತಿಲ್ದಂಗ ನಿಮ್ಮ ಫೋನಿನಿಂದ ಏನರ ಹೋಗೇತೇನ್ರಿ?" ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೂ ಅನುಮಾನದ ಎಳೆ ಹೊಕ್ಕಿತಲ್ಲ ಎಂದು ವಿರುಪಣ್ಣ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಬಿಟ್ಟು ಎದ್ದ.

ಮಾರೆಮ್ಮನೇ ಮರುದಿನ ಹೋಗಿ ನೂರಜಾನಬಿಯನ್ನು ಕರೆತಂದಳು. ಓಣಿಯವರು ನೋಡುತ್ತಿದ್ದರೂ ನೂರಜಾನಬಿ ಹಿಂಜರಿಯದೆ ಬಂದು, ಲ್ಯಾಪ್‌ಟಾಪ್ ತೆರೆದು ವೈಫೈ ಡಬ್ಬಿಯ ಸೆಟ್ಟಿಂಗ್ ಪುಟಕ್ಕೆ ಹೋದಳು. ಆ ಪುಟದ ಪಾಸ್‌ವರ್ಡ್ ಕೂಡ ಡಬ್ಬಿ ಬಂದಾಗ ಏನಿತ್ತೋ ಅದೇ ಇತ್ತು. ಯಾರು ಬೇಕಾದರೂ ತೆರೆಯಬಹುದಿತ್ತು. ಅದರಲ್ಲಿ, ಇಲ್ಲಿಯವರೆಗೆ ಈ ವೈಫೈಗೆ ಸೇರಿಕೊಂಡ ಫೋನುಗಳ ಪಟ್ಟಿ, ಸೇರಿದ ದಿನ, ಹೊತ್ತಿನ ಸಮೇತ ಇತ್ತು. ವಿರುಪಣ್ಣನ ಮನೆಯಲ್ಲಿದ್ದವು ಎರಡು ಫೋನು. ಪಟ್ಟಿಯಲ್ಲಿದ್ದವು ಮೂವತ್ತೊಂದು.

ವಿರುಪಣ್ಣ ಒಂದೊಂದೇ ಹೆಸರು ಓದಿಸಿಕೊಂಡ. ಓಣಿಯವರವು ಕೆಲವು. ಉಳಿದವು ಯಾರವೋ. ನಾನು ಇಷ್ಟು ಜನಕ್ಕೆ ಕೊಟ್ಟಿಲ್ಲ ಎಂದ. ನೂರಜಾನಬಿ ಯಾವುದಾದರೂ ಫ್ರೀ ಆ್ಯಪ್ ಹಾಕಿಕೊಂಡಿದ್ದಿರಾ ಎಂದು ಕೇಳಿದಳು. ಆಗ ಅವನಿಗೆ ಗಂಗಾವತಿಯ ನಿಲ್ದಾಣ ನೆನಪಾಯಿತು. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಗುತ್ತ ಬಂತು.

"ಅಂದ್ರ ಮನಿ ಕೀಲಿ ನಾನಾ ಹಂಚೀನೇನು ತಂಗಿ?"

"ಹೌದಣ್ಣಾ," ಎಂದಳು ನೂರಜಾನಬಿ. ಸಮಾಧಾನಕ್ಕೆಂದು ಸುಳ್ಳು ಹೇಳುವವಳಲ್ಲ ಅವಳು. "ಫ್ರೀ ಇದ್ದದ್ದೆಲ್ಲಾ ಕೆಟ್ಟದ್ದಲ್ಲ. ನಮ್ಮ ಲೈಬ್ರರ್ಯಾಗ ಕನ್ನಡ ಬರಿಯೂ ಸಾಫ್ಟ್‌ವೇರ್ ಸೈತ ಫ್ರೀನಾ ಐತಿ. ಆದ್ರ ಅದನ್ನ ಮಾಡಿದವ್ರು ಯಾರು, ಎಲ್ಲಿಂದ ಇಳಿಸಿಕೊಂಡ್ವಿ ಅನ್ನೂದು ನಮಗ ಗೊತ್ತೈತಿ. ಹಾದ್ಯಾಗ ಬಂದ ಲಿಂಕ್ ಒತ್ತಿ ಹಾಕ್ಕೊಂಡದ್ದು ಯಾರದು ಅಂತ ನಿಮಗ ಗೊತ್ತೈತೇನು?"

ಆಗಲೇ ಪಾಸ್‌ವರ್ಡ್ ಬದಲಿಸಿಬಿಡು ಎಂದು ವಿರುಪಣ್ಣ ಅವಸರ ಮಾಡಿದ. ನೂರಜಾನಬಿ ತಡೆದಳು. ಮೊದಲು ಆ ಪಟ್ಟಿಯ ಫೋಟೋ ತೆಗೆದುಕೊಂಡಳು, ತನಿಖೆ ಮುಗಿಯುವವರೆಗೆ ಪಟ್ಟಿ ಅಳಿಸಬಾರದು, ಏನನ್ನೂ ಬದಲಿಸಬಾರದು ಎಂದಳು. ಇಬ್ಬರೂ ಕೂಡಿ ಅದನ್ನು ಸೈಬರ್ ಠಾಣೆಗೆ ಒಯ್ದು ಕೊಟ್ಟರು. ಆ್ಯಪ್‌ನ ವಿಷಯವನ್ನೂ ಮುಚ್ಚಿಡದೆ ಹೇಳಿದರು.

ಆ ಖಾತೆ ತೆಗೆದ ಹೊತ್ತಿಗೆ ವೈಫೈಗೆ ಸೇರಿಕೊಂಡಿದ್ದ ಫೋನು ಯಾವುದೆಂದು ಪೊಲೀಸರಿಗೆ ಆ ಪಟ್ಟಿಯಿಂದಲೇ ದಾರಿ ಸಿಕ್ಕಿತು. ಸಿಕ್ಕವನು ಅಂಗಡಿಗಳಿಗೆ ಸಾಮಾನು ಹಾಕಲು ವಾರಕ್ಕೆ ಮೂರು ದಿನ ಊರಿಗೆ ಬರುತ್ತಿದ್ದ ಒಬ್ಬ ಗಾಡಿಯವನು. ವಿರುಪಣ್ಣನ ಮನೆಯ ಪಕ್ಕದ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿಕೊಂಡು ಫೋನು ನೋಡುತ್ತ ಕೂರುತ್ತಿದ್ದ. ಬಸ್ ನಿಲ್ದಾಣದಲ್ಲಿ ಸುನಿತಾಳ ನಂಬರ್ ಕೇಳಿದ್ದನಂತೆ, ಅವಳು ಕೊಟ್ಟಿರಲಿಲ್ಲ. ಅಷ್ಟೇ ಕಾರಣ. ಓಣಿಯ ಗುಂಪಿನಲ್ಲಿದ್ದ ಫೋಟೋ ಕೈಯಿಂದ ಕೈಗೆ ಹೋಗಿ ಅವನನ್ನು ಮುಟ್ಟಿತ್ತು. ವೈಫೈ ಯಾರ ಮನೆಯದು ಎಂದು ಅವನಿಗೆ ಗೊತ್ತೂ ಇರಲಿಲ್ಲ. ಫ್ರೀ ಆ್ಯಪ್ ತೋರಿಸಿತು, ಸೇರಿಕೊಂಡೆ ಎಂದನಂತೆ.

ಪೊಲೀಸರು ಫೋನುಗಳನ್ನು ಹಿಂದಿರುಗಿಸಿದರು. ಅಷ್ಟು ಹೊತ್ತಿಗೆ ಅನುಷಾಳ ಪರೀಕ್ಷೆ ಮುಗಿದಿತ್ತು. ಅವಳು ಬರೆದಿದ್ದಳು, ಆದರೆ ಪಾಸಾಗಲಿಲ್ಲ.

ಆಪಾದನೆ ಬಂದ ದಿನ ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಆಪಾದನೆ ಹೋದ ದಿನ ಯಾರೂ ಬರಲಿಲ್ಲ. ಕೊಟ್ರಪ್ಪನೂ ಬರಲಿಲ್ಲ. ವಿರುಪಣ್ಣನೇ ಒಂದು ದಿನ ಅನುಷಾಳನ್ನು ಕರೆದುಕೊಂಡು ಹುಲಿಹೈದರಕ್ಕೆ ಹೊರಟ. ಗಂಗಾವತಿ ದಾಟುವಾಗ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು. ಅಪ್ಪ ಮಗಳು ಕಿಟಕಿಯ ಹೊರಗೆ ನೋಡುತ್ತ ಹೋದರು.

ಸುನಿತಾ ಸೋದರತ್ತೆಯ ಮನೆಯ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ಸೊರಗಿದ್ದಳು. ಫೋನು ಬಳಸುವುದನ್ನೇ ಬಿಟ್ಟಿದ್ದಾಳೆ, ಊರೊಳಗೂ ಹೋಗುವುದಿಲ್ಲ ಎಂದು ಅತ್ತೆ ಹೇಳಿದಳು. ವಿರುಪಣ್ಣ ಅವಳೆದುರು ನೆಲದ ಮೇಲೆ ಕುಳಿತು, ನಡೆದದ್ದನ್ನೆಲ್ಲ, ತನ್ನ ತಪ್ಪನ್ನೂ ಬಿಡದೆ ಹೇಳಿದ. ಕೊನೆಗೆ ಕೈ ಮುಗಿಯಲು ಹೋದ. ಸುನಿತಾ ಅವನ ಕೈ ಹಿಡಿದು ಕೆಳಗಿಳಿಸಿದಳು.

"ಕಾಕಾ, ನೀವ್ ಮಾಡಿಲ್ಲಂತ ನನಗ ಮೊದಲನೇ ದಿನಾನ ಗೊತ್ತಿತ್ತು," ಎಂದಳು. "ಆದ್ರ ಬಸ್ಸಿನ್ಯಾಗ ಕುಂತ ಮಂದಿಗೆ ಅದು ನನ್ನ ಮೈ ಅಲ್ಲಂತ ಒಬ್ಬೊಬ್ಬರಿಗೆ ಯಾರ್ ಹೇಳ್ತಾರ?"

ಅನುಷಾ ಅವಳ ಪಕ್ಕ ಕುಳಿತು ಒಂದು ಬುಟ್ಟಿ ಶೇಂಗಾ ಮುಗಿಯುವವರೆಗೆ ಜೊತೆಗೆ ಬಿಡಿಸಿದಳು. ಕಾಲೇಜಿಗೆ ಬಾ ಎಂದು ಕರೆದಳು. ನೋಡೋಣ ಎಂದಳು ಸುನಿತಾ. ಆ ವರ್ಷ ಅವಳು ಪರೀಕ್ಷೆಗೆ ಹೋಗಲಿಲ್ಲ.

ಊರಿಗೆ ಮರಳಿದ ಮೇಲೆ ನೂರಜಾನಬಿ ಮತ್ತೆ ವಿರುಪಣ್ಣನ ಮನೆಗೆ ಬಂದಳು. ಈ ಸಲ ಅವಳು ಏನನ್ನೂ ತಾನು ಮಾಡಲಿಲ್ಲ. ಹೇಳಿಕೊಟ್ಟಳು, ಮಾಡಿದವನು ವಿರುಪಣ್ಣ. ಮೊದಲು ಫೋನಿನಿಂದ ಆ ಆ್ಯಪ್ ತೆಗೆದುಹಾಕಿದ. ವೈಫೈಗೆ ಹೊಸ ಪಾಸ್‌ವರ್ಡ್ ಇಟ್ಟ. ಊರ ಹೆಸರು ಬೇಡ, ಮಕ್ಕಳ ಹೆಸರು ಬೇಡ, ಫೋನ್ ನಂಬರ್ ಬೇಡ ಎಂದಳು ನೂರಜಾನಬಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು, ನಡುನಡುವೆ ಅಂಕಿ, ಚಿಹ್ನೆ ಸೇರಿಸಿ ಉದ್ದ ಮಾಡಿಸಿದಳು. ವಿರುಪಣ್ಣ ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಗಿ ಹಾಕಿದ. ಡಬ್ಬಿಯ ಸೆಟ್ಟಿಂಗ್ ಪುಟಕ್ಕೂ ಬೇರೆ ಪಾಸ್‌ವರ್ಡ್ ಬಂತು. ರಕ್ಷಣೆ ಎಂಬಲ್ಲಿ ವೈಫೈಗೆ ಬೀಗದಂತಿರುವ ಡಬ್ಲ್ಯೂಪಿಎ (WPA) ಎರಡು ಅಥವಾ ಮೂರು ಎಂದಿರಬೇಕು, ಏನೂ ಇಲ್ಲ ಎಂದಿರಬಾರದು ಎಂದು ತೋರಿಸಿದಳು. ಬೀಗರು, ನೆಂಟರು ಬಂದಾಗ ಕೊಡಲು ಅತಿಥಿಗಳದೇ ಬೇರೆ ವೈಫೈ ಹೆಸರು ಇಡಬಹುದು ಎಂಬುದನ್ನು ಕೇಳಿ ಮಾರೆಮ್ಮ, ಮೊದಲೇ ಹೀಗೆ ಮಾಡಿದ್ದರೆ ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು.

ಮರುವಾರ ಮಾರೆಮ್ಮ ಬಹಳ ದಿನದ ಮೇಲೆ ಸಂಘದ ಸಭೆಗೆ ಹೋದಳು. ಜೊತೆಗೆ ಗಂಡನನ್ನೂ ನೂರಜಾನಬಿಯನ್ನೂ ಕರೆದೊಯ್ದಳು. ಇಪ್ಪತ್ತು ಹೆಂಗಸರ ಮುಂದೆ ನಿಂತು ವಿರುಪಣ್ಣ ಗಂಗಾವತಿಯಲ್ಲಿ ಒತ್ತಿದ ಲಿಂಕಿನಿಂದ ಹಿಡಿದು ಹುಲಿಹೈದರದ ಹಿತ್ತಲಿನವರೆಗೂ ಹೇಳಿದ. ಅವನು ಹೇಳಿ ಮುಗಿಸಿದಾಗ ಬಾಗಿಲ ಬಳಿ ಕೊಟ್ರಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಒಳಗೆ ಬಂದು ತನ್ನ ಫೋನನ್ನು ನೂರಜಾನಬಿಯ ಮುಂದಿಟ್ಟ.

"ಇದರಾಗೂ ಅಂಥದ್ದೇನರ ಐತೇನು ನೋಡವ್ವಾ," ಎಂದ.

ವಿರುಪಣ್ಣನ ಕಡೆ ಅವನು ತಿರುಗಲಿಲ್ಲ. ಆದರೆ ಹೋಗುವಾಗ ಇಬ್ಬರೂ ಒಂದೇ ದಾರಿಯಲ್ಲಿ, ಹತ್ತು ಮಾರು ಅಂತರದಲ್ಲಿ ನಡೆದರು.

ಸುನಿತಾ ಇನ್ನೂ ಹುಲಿಹೈದರದಲ್ಲಿಯೇ ಇದ್ದಾಳೆ. ಆ ಖಾತೆಯನ್ನು ತೆಗೆಸಲಾಗಿದೆ. ಆದರೆ ಹರಡಿದ ಚಿತ್ರಗಳು ಯಾರ ಯಾರ ಫೋನಿನಲ್ಲಿ ಉಳಿದಿವೆಯೋ, ಅದನ್ನು ಯಾವ ಪೊಲೀಸರೂ ಹೇಳಲಾರರು.

ಈ ಕಥೆ ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ಓದಿ ಮುಗಿಸಿದ ಕೂಡಲೇ ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಯಾರು ಯಾರಿಗೆ ಗೊತ್ತಿದೆ ಎಂದು ಮನೆಯವರನ್ನು ಕೇಳಿ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಇವತ್ತೇ ಬದಲಿಸಿ. ಮಾಡಲು ಬಾರದಿದ್ದರೆ ನಿಮ್ಮ ಊರಿನ ಗ್ರಂಥಾಲಯಕ್ಕೋ, ತಿಳಿದವರ ಬಳಿಗೋ ಹೋಗಿ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಆ್ಯಪ್ ಬೇಕಾದರೆ ಫೋನಿನ ಆ್ಯಪ್ ಅಂಗಡಿಯಿಂದಲೇ ಇಳಿಸಿಕೊಳ್ಳಿ, ಯಾರು ಮಾಡಿದ್ದು ಎಂದು ಓದಿ, ಅದು ಕೇಳುವ ಒಪ್ಪಿಗೆಗೆಲ್ಲ ಹೂಂ ಎನ್ನಬೇಡಿ. ವಾಟ್ಸಾಪಿನಲ್ಲಿ ಬಂದ ಫ್ರೀ ಲಿಂಕನ್ನು ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. ಯಾರಿಗಾದರೂ ಇಂಥ ಅನ್ಯಾಯ ಆದರೆ ಮುಚ್ಚಿಡದೆ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಸೈಬರ್ ಸಹಾಯವಾಣಿ ೧೯೩೦ಕ್ಕೆ ಕರೆ ಮಾಡಿ. ಮತ್ತೆ, ಒಂದು ಹೆಣ್ಣುಮಗಳ ಅಂಥ ಚಿತ್ರ ನಿಮ್ಮ ಫೋನಿಗೆ ಬಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಅದನ್ನು ಇನ್ನೊಬ್ಬರಿಗೆ ತೋರಿಸಬೇಡಿ. ಅವಳು ನಾಳೆ ಬೆಳಿಗ್ಗೆ ಅದೇ ಬಸ್ಸು ಹತ್ತಬೇಕು.